ಪಾದ್ರಿ ಕೊಟ್ಟ ಸರ್‌ನೇಮ್

ಗೆಳೆಯರ ಮುಂದೆ ಅಣ್ಣನ ಪರವಾಗಿ ಒಂದು ಮಾತು ಆಡಬೇಕಿತ್ತು; ನಾನು ಆಡಲಿಲ್ಲ.

ಎಂಬತ್ತರ ದಶಕದಲ್ಲಿ, ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಮನೆಯಲ್ಲಿ, ಅಣ್ಣ ಸಂಜೆಯಾದರೆ ಕನ್ನಡಕ ಹಣೆಗೇರಿಸಿ ವಿಶ್ವಕೋಶ ತೆರೆಯುತ್ತಿದ್ದ. ಹಿಂದೆ ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಕೋಟೆಯಲ್ಲಿದ್ದ ಪಿಂಟೋ ಎಂಬ ಪೋರ್ಚುಗೀಸ್ ವೈದ್ಯ ಯಹೂದಿ ಮೂಲದವನೋ ಅಲ್ಲವೋ ಎಂಬುದು ಅವನ ಹುಡುಕಾಟ. ಆ ಹೆಸರಿನ ಯಹೂದಿಗಳಿದ್ದರೆಂದು ಪುಸ್ತಕ ಹೇಳಿದರೂ, "ಸರ್‌ನೇಮ್ ಒಂದೇ ಸಾಲದು ಮಾರಾಯ" ಎನ್ನುತ್ತಿದ್ದ.

ನಮ್ಮದೂ ಪಿಂಟೋ. ಒಂದು ರಾತ್ರಿ ಊಟಕ್ಕೆ ಬಂದ ಗೆಳೆಯರು ಅಣ್ಣನ ಹುಡುಕಾಟದ ಸುದ್ದಿ ಕೇಳಿ, "ಹಾಗಾದ್ರೆ ನೀವೂ ಯಹೂದಿಯಾ ಮಾರಾಯ್ರೆ? ಇಗರ್ಜಿಗೆ ಸುಮ್ನೆ ಹೋಗುದಾ?" ಎಂದು ನಕ್ಕರು. ಮಾತು ತೊದಲುವ ಅಣ್ಣ ನನ್ನತ್ತ ನೋಡಿದ. ನಮ್ಮ ಹಿರಿಯರು ಕ್ರೈಸ್ತರಾದಾಗ ಆ ಹೆಸರು ಕೊಟ್ಟದ್ದು ಜ್ಞಾನಸ್ನಾನ ಮಾಡಿಸಿದ ಪಾದ್ರಿ ಎಂದು, ಹೆಚ್ಚು ಓದದ ನನಗೆ ಅವನೇ ಹೇಳಿದ್ದ. ಅಷ್ಟನ್ನು ಅವನ ಬದಲು ನಾನು ಹೇಳಿದ್ದರೆ ಸಾಕಿತ್ತು. ಆದರೆ ನಾನೂ ಅವರೊಂದಿಗೆ ನಕ್ಕೆ.

ಅವನು ಮತ್ತೆ ಆ ಪುಸ್ತಕ ತೆರೆಯಲಿಲ್ಲ. ಅವನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಅವನ ಕೈ ಹಿಡಿದು ಹೇಳಿದೆ: "ಅಣ್ಣಾ, ಅವತ್ತು ನಗಬಾರದಿತ್ತು. ತಪ್ಪಾಯ್ತು."