ತಂಗಿಯ ಮಣ್ಣಿನ ಮನೆಗೆ ಹೋದ ಅಮ್ಮ

ಇದು ಹೊಟ್ಟೆಕಿಚ್ಚಿನ ಕಥೆ. ನಾನು ಏನು ಬರೆದರೂ ಕೆಳಗೆ ಕಾಮೆಂಟಿಗೆ ಬಂದು "ಪಾಸಿಟಿವ್ ಆಗಿರಿ ಅಕ್ಕಾ" ಎಂದು ಕೈಮುಗಿಯುವ ಬೊಂಬೆ ಹಾಕುವವರು ಈಗಲೇ ಎದ್ದು ಹೋಗಬಹುದು. ನನ್ನ ತಂಗಿ ಕೆ.ಆರ್. ಪುರಂ ಆಚೆ ಒಂದು ಮನೆ ಕಟ್ಟಿಸಿದಳು. ಅಪ್ಪ ಹೋದಾಗಿನಿಂದ ಕಮ್ಮನಹಳ್ಳಿಯಲ್ಲಿ ನನ್ನ ಜೊತೆಗಿದ್ದ ಅಮ್ಮ, ಆ ಮನೆಯ ಗೃಹಪ್ರವೇಶಕ್ಕೆಂದು ಹೋದವಳು ವಾಪಸ್ ಬರಲಿಲ್ಲ.

ನಮ್ಮ ಮನೆಯೇನು ಸಾಮಾನ್ಯದ್ದಲ್ಲ. ಮೆಟ್ಟಿಲಿಗೆ ಗ್ರಾನೈಟು, ಹಾಲಿಗೆ ಫಾಲ್ಸ್ ಸೀಲಿಂಗು, ಸೀಲಿಂಗಿನ ಅಂಚಿನಲ್ಲಿ ಬಣ್ಣ ಬದಲಾಯಿಸುವ ಲೈಟು. ಅಮ್ಮನಿಗೆಂದೇ ಕೆಳಗೆ ಒಂದು ರೂಮು ಮಾಡಿಸಿದ್ದೆ. ಅದಕ್ಕೆ ಅಟ್ಯಾಚ್ಡ್ ಬಾತ್‌ರೂಮು, ಹಿಡಿದುಕೊಳ್ಳಲು ಸ್ಟೀಲ್ ಸರಳು, ಗೋಡೆ ಮೇಲೆ ಏಸಿ. ನೆಂಟರಲ್ಲಿ ಯಾರು ಪಾಯ ತೆಗೆಸಿದರೂ ಮೊದಲು ನನಗೆ ಫೋನ್ ಮಾಡುತ್ತಿದ್ದರು. ಟೈಲ್ಸು ಎಲ್ಲಿ, ಸ್ವಿಚ್ ಯಾವ ಕಂಪನಿ, ಪೂಜೆಮನೆ ಬಾಗಿಲಿಗೆ ಗಂಟೆ ಎಷ್ಟು ಎಂದೆಲ್ಲ ಕೇಳುತ್ತಿದ್ದರು. ತಂಗಿ ಮಾತ್ರ ಕೇಳಲಿಲ್ಲ.

ಅವರು ಕೊಂಡಿದ್ದು ಅರ್ಧ ಸೈಟು. ಗಂಡ ಹೆಂಡತಿ ಇಬ್ಬರ ಸಂಬಳಕ್ಕೂ ಅಷ್ಟೇ ಎಟುಕಿದ್ದು. ಅದಕ್ಕೊಬ್ಬಳು ಆರ್ಕಿಟೆಕ್ಟ್ ಹುಡುಗಿ ಸಿಕ್ಕಿದಳು. ಪಾಯಕ್ಕೆ ಅಗೆದ ಮಣ್ಣನ್ನೇ ಜರಡಿ ಹಿಡಿಸಿ, ಸ್ವಲ್ಪ ಸಿಮೆಂಟು ಬೆರೆಸಿ, ಮೆಷಿನ್ನಿನಲ್ಲಿ ಒತ್ತಿಸಿ, ಸುಡದೆಯೇ ಇಟ್ಟಿಗೆ ಮಾಡಿಸಿದಳು. ತಾರಸಿಯ ಕಾಂಕ್ರೀಟಿನ ಮಧ್ಯೆ ಹಳೇ ಹಂಚು ಇಡಿಸಿದಳು. ಹಾಗೆ ಮಾಡಿದರೆ ಸಿಮೆಂಟೂ ಉಳಿಯುತ್ತದಂತೆ, ಬಿಸಿಲೂ ಕೆಳಗಿಳಿಯುವುದಿಲ್ಲವಂತೆ. ಮನೆಯ ಮುಂದೆ ಕಂಬವಿಲ್ಲ, ಕಮಾನಿಲ್ಲ. ಒಂದರ ಮೇಲೊಂದು ಇಟ್ಟ ಎರಡು ಪೆಟ್ಟಿಗೆಯಂತೆ ನೇರ ಗೆರೆಗಳ ಮನೆ.

"ಮಳೆ ಬಂದ್ರೆ ಕರಗಿ ಹೋಗಲ್ವೇನೇ?" ಎಂದು ಕೇಳಿದ್ದೆ.

"ಭಾವನ ಹತ್ರ ದೊಡ್ಡ ಛತ್ರಿ ಇದ್ಯಲ್ಲಕ್ಕ, ಹಿಡ್ಕೊಂಡ್ ಬಂದ್ಬಿಡಿ ಇಬ್ರೂ" ಎಂದಿದ್ದಳು.

ಹಾಗೆಲ್ಲ ನಗುತ್ತಿದ್ದ ನನ್ನ ಹೊಟ್ಟೆಗೆ ಮೊದಲ ಕಿಡಿ ಬಿದ್ದದ್ದು ಕಿಟಕಿಗಳಿಂದ. ನಮ್ಮ ಮನೆಯ ಹತ್ತಿರವೇ, ಸರ್ವಜ್ಞನಗರದ ಚರ್ಚಿನ ಹಿಂದಿನ ರಸ್ತೆಯಲ್ಲಿ ಒಂದು ಹಳೇ ಮನೆಯಿತ್ತು. ಬೇಕರಿಗೆ ಹೋದಾಗಲೆಲ್ಲ ಅದರ ತೇಗದ ಕಿಟಕಿಗಳನ್ನು ನೋಡಲೆಂದೇ ನಾನು ಸುತ್ತುಹಾಕಿ ಹೋಗುತ್ತಿದ್ದೆ. ಫ್ಲ್ಯಾಟಿಗಾಗಿ ಆ ಮನೆ ಕೆಡವಿದಾಗ ಗೇಟಿನ ಮುಂದೆ ನಿಂತು ಫೋಟೊ ತೆಗೆದು, ದುಃಖದ ನಾಲ್ಕು ಸಾಲು ಬರೆದು ಹಾಕಿ, ಲೈಕು ಎಣಿಸಿಕೊಂಡು ಸುಮ್ಮನಾದೆ. ನನ್ನ ತಂಗಿ ಅದೇ ಪೋಸ್ಟ್ ಓದಿ, ಶಿವಾಜಿನಗರದ ಹಳೇ ಮರದ ಅಂಗಡಿಗಳನ್ನು ಒಂದೊಂದಾಗಿ ಹುಡುಕಿ, ಆ ಕಿಟಕಿಗಳನ್ನೇ ಹೊರಿಸಿಕೊಂಡು ಬಂದಳು. ಮಣ್ಣಿನ ಗೋಡೆಯಲ್ಲಿ ಅವು ಹುಟ್ಟಿದಾಗಿನಿಂದ ಅಲ್ಲೇ ಇದ್ದವೇನೋ ಎಂಬಂತೆ ಕೂತಿದ್ದವು. ಚೆನ್ನಾಗಿವೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಹುಳ ಹಿಡಿದಿದ್ಯಾ ನೋಡ್ಸು" ಎಂದೆ.

ಗೃಹಪ್ರವೇಶ ಬಿರುಬೇಸಿಗೆಯಲ್ಲಿತ್ತು. ನಮ್ಮ ಸೋದರಮಾವ ಗೋಡೆ ಸವರಿ, "ಪ್ಲಾಸ್ಟರ್ ಯಾವಾಗಮ್ಮ?" ಎಂದರು.

"ಇಷ್ಟೇ ಮಾವ, ಮುಗೀತು."

"ದುಡ್ಡು ಸಾಲ್ದಿದ್ರೆ ಹೇಳ್ಬೇಕಿತ್ತು ಕಣಮ್ಮ, ನಾವೇನ್ ಹೊರಗಿನೋರಾ?"

ಆ ಕ್ಷಣ ನನಗೆ ಎಷ್ಟು ಹಿತವಾಯಿತೆಂದರೆ ಇನ್ನೆರಡು ಒಬ್ಬಟ್ಟು ಹಾಕಿಸಿಕೊಂಡೆ. ಆದರೆ ಊಟವಾದ ಮೇಲೆ ಅದೇ ಮಾವ ಕೆಂಪು ಗಾರೆಯ ನೆಲದ ಮೇಲೆ ಟವೆಲ್ ಹಾಸಿ ಒರಗಿದರು, ಗೊರಕೆ ಹೊಡೆದರು. ಅವರ ಪಕ್ಕ ಅತ್ತೆ, ಅತ್ತೆಯ ಪಕ್ಕ ಮಕ್ಕಳು. ಇಷ್ಟಗಲ ಮನೆಯಲ್ಲಿ ಅಷ್ಟೂ ಜನ ಫ್ಯಾನು ಕೂಡ ಜೋರು ಮಾಡದೆ ನಿದ್ದೆ ಹೋದರು. ನಮ್ಮ ಗೃಹಪ್ರವೇಶದಲ್ಲಿ ಇವರೇ ಸೀಲಿಂಗಿನ ಫೋಟೊ ತೆಗೆದುಕೊಂಡು, ತಾಂಬೂಲ ಹಿಡಿದು, ಟ್ರಾಫಿಕ್ ಆಗುತ್ತದೆಂದು ಓಡಿದ್ದರು. ಹೊರಗೆ ಬಂದು ನಿಂತೆ. ಗೋಡೆಗೆ ಕಟ್ಟಿದ್ದ ದೃಷ್ಟಿಗೊಂಬೆ ನಾಲಿಗೆ ಚಾಚಿ ನನ್ನನ್ನೇ ನೋಡುತ್ತಿತ್ತು. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿತ್ತು ಬಿಡಿ.

"ನಾಲ್ಕು ದಿನ ಇದ್ದು ಬರ್ತೀನಿ ಕಣೇ" ಎಂದು ಅಮ್ಮ ಉಳಿದಳು. ನಾಲ್ಕು ದಿನ ಮುಂದಿನ ವಾರವಾಯಿತು, ಮುಂದಿನ ವಾರ ಹಬ್ಬ ಕಳೆದ ಮೇಲೆ ಎಂದಾಯಿತು. ಫೋನ್ ಮಾಡಿದರೆ ಹಿಂದಿನಿಂದ ಒಗ್ಗರಣೆಯ ಸದ್ದು, ಯಾರದೋ ನಗು, ಸೊಪ್ಪಿನವನ ಕೂಗು. ಅಮ್ಮ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು "ಇರು, ಕೊತ್ತಂಬರಿ ಬಂತು" ಎನ್ನುತ್ತಿದ್ದಳು. ಇತ್ತ ಅವಳ ರೂಮು ಖಾಲಿ. ಕೆಲಸದವಳು ಅಲ್ಲಿ ಒಣಗಿದ ಬಟ್ಟೆ ಗುಡ್ಡೆ ಹಾಕತೊಡಗಿದಳು. ಅದನ್ನು ನೋಡಿ ನನಗೆ ಅಳು ಬಂತು. ಸಿಟ್ಟೂ ಬಂತು. ಕರೆತಂದೇ ತೀರುತ್ತೇನೆಂದು ಹೊರಟೆ.

ಅಮ್ಮ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಲ್ಲಿ ಗೋಡೆಯೆಂದರೆ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಜಾಲಿ. ಗಾಳಿ ಒಳಗೆ ಬರುತ್ತದೆ, ರಸ್ತೆ ಕಾಣುತ್ತದೆ. ಜಾಲಿಯ ಆಚೆ ನಿಂತಿದ್ದವಳು ಎದುರಿನ ಬಾಡಿಗೆ ರೂಮಿನ ರಾಯಚೂರು ಕಡೆಯ ಹೆಂಗಸು.

"ಯವ್ವಾ, ಇವ್ರೇನ್ರಿ ನಿಮ್ ಹಿರೀ ಮಗಳು? ಏಸಿ ಮನಿಯಾಕಿ?"

"ಹೂಂ ಕಣಮ್ಮ, ಇವಳೇ" ಎಂದಳು ಅಮ್ಮ.

"ಬರ್ರಿ ಅಕ್ಕಾರ. ಅವ್ವಾರನ್ನ ಕರಕೊಂಡ್ ಹೋಗಾಕ ಬಂದ್ರೇನು? ನಾವ್ ಬಿಡಂಗಿಲ್ರಿ ಮತ್ತ!"

ಅವಳಿಗೆ ಅದು ತಮಾಷೆ. ನಾನು ಒಳಗೆ ಹೋಗಿ, "ಅಮ್ಮ, ಬ್ಯಾಗ್ ಎಲ್ಲಿ?" ಎಂದೆ.

ಆ ಮನೆಯಲ್ಲಿ ಹಾಲಿಗೂ ಅಡುಗೆಮನೆಗೂ ಗೋಡೆಯೇ ಇಲ್ಲ. ತಂಗಿ ಒಲೆಯ ಮುಂದೆ ಸೌಟು ಹಿಡಿದು ನಿಂತಲ್ಲಿಂದಲೇ ನನ್ನ ಮುಖ ನೋಡಿದಳು.

"ಬ್ಯಾಗ್ ಯಾಕೆ? ಊಟ ಮಾಡು ಮೊದ್ಲು" ಎಂದು ಅಮ್ಮ ಬಂದು ಕೂತಳು.

"ನಾನ್ ನಿಂಗೇನ್ ಕಮ್ಮಿ ಮಾಡಿದೀನಮ್ಮ? ಅಲ್ಲಿ ಏನಿಲ್ಲ ಹೇಳು."

"ಎಲ್ಲಾ ಇದೆ. ಬಾಗ್ಲು ಮುಚ್ಕೊಂಡು ಕೂತ್ಕೋಬೇಕು, ಅಷ್ಟೇ."

"ಬಾಗ್ಲು ತೆಗೆದ್ರೆ ಏಸಿ ಹೋಗುತ್ತಲ್ಲಮ್ಮ!"

"ಅದೇ ಮತ್ತೆ. ನಿನ್ನ ಗಂಡ ಆ ರೂಮು, ನಾನೀ ರೂಮು, ನೀನು ಅಡುಗೆಮನೇಲಿ. ಒಂದು ಲೋಟ ಕಾಫಿ ಬೇಕಂದ್ರೆ ನಿಂಗೆ ಫೋನ್ ಮಾಡ್ಬೇಕು. ಒಂದೇ ಮನೇಲಿ ಕೂತ್ಕೊಂಡು ಫೋನು! ಇಲ್ಲಿ ಕೂತಲ್ಲಿಂದಾನೇ, ಉಪ್ಪು ಸಾಕು ಕಣೇ ಅಂತೀನಿ."

"ದಿನಾ ಅಂತಾಳೆ" ಎಂದಳು ತಂಗಿ. "ಬೇಕಾದ್ರೆ ಕರ್ಕೊಂಡ್ ಹೋಗಕ್ಕ, ನನ್ನ ಸಾರು ಬದುಕ್ಕೊಳ್ಳುತ್ತೆ."

ನಗುತ್ತಲೇ ಹೇಳಿದಳು. ಅದೇ ನನ್ನನ್ನು ಉರಿಸಿದ್ದು. ಕೈಯಲ್ಲಿ ಗಟ್ಟಿಯಾಗಿ ಇರುವವರು ಮಾತ್ರ ಹಾಗೆ ಕೊಟ್ಟುಬಿಡುವ ಮಾತಾಡುತ್ತಾರೆ. ನಾನು ಸಾಲ ಮಾಡಿ ಕಟ್ಟಿಸಿದ ಗೋಡೆಗಳೊಳಗೆ ಅಮ್ಮ ನಿಲ್ಲಲಿಲ್ಲ. ಇವಳು ಖರ್ಚು ಉಳಿಸಲು ಒಂದು ಗೋಡೆ ಕಟ್ಟದೇ ಬಿಟ್ಟಳು, ಅಲ್ಲಿ ಅಮ್ಮ ಬಂದು ಕೂತಳು. ಇದಕ್ಕಿಂತ ಅನ್ಯಾಯ ಬೇಕೇ? ಉಂಡೆ, ಸಾರು ಚೆನ್ನಾಗಿತ್ತು, ಚೆನ್ನಾಗಿದೆ ಎನ್ನದೆ ಎದ್ದು ಬಂದೆ. ಬ್ಯಾಗ್ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿ, ಅಮ್ಮನ ರೂಮಿಗೂ ಅಡುಗೆಮನೆಗೂ ನಡುವಿನ ಗೋಡೆ ತೋರಿಸಿದೆ. ಅವರು ಬಡಿದು ನೋಡಿ, "ಭಾರ ಎಲ್ಲಾ ಬೀಮ್ ಮೇಲಿದೆಮ್ಮ, ಒಡೀಬೋದು" ಎಂದರು.

ನನ್ನ ಗಂಡ ಪೇಪರ್ ಕೆಳಗಿಟ್ಟರು. "ಲೇ, ಆ ಟೈಲ್ಸು ಇಟಲಿದು ಅಂತ ಊರಿಗೆಲ್ಲ ಹೇಳಿದ್ಯಲ್ಲೇ!"

"ಗುಜರಾತಿಂದು ರೀ. ಒಡೀಲಿ."

ಅಮ್ಮನಿಗೆ ಫೋನ್ ಮಾಡಿ ಗೋಡೆ ಒಡೆಸುತ್ತಿದ್ದೇನೆ ಎಂದೆ. ಅಷ್ಟು ದಿನದಲ್ಲಿ ಮೊದಲ ಸಲ ಅವಳು ಕೊತ್ತಂಬರಿಗೆ ಎದ್ದು ಹೋಗಲಿಲ್ಲ.

"ಎಷ್ಟಗಲ ಒಡೆಸ್ತೀಯ? ಗ್ಯಾಸ್ ಪಕ್ಕ ಬೇಡ ಕಣೇ, ಗಾಳಿಗೆ ಒಲೆ ಆರುತ್ತೆ. ನಿಂಗ್ ಗೊತ್ತಾಗಲ್ಲ. ಇರು, ನಾನೇ ಬರ್ತೀನಿ."

ಆಟೋದಲ್ಲಿ ಬಂದಳು, ಬ್ಯಾಗಿನ ಸಮೇತ. ಸೆರಗನ್ನು ಮೂಗಿಗೆ ಹಿಡಿದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಇಲ್ಲಿ ಒಡಿ, ಅಲ್ಲಿ ನಿಲ್ಲಿಸು ಎಂದು ಮೇಸ್ತ್ರಿಯ ಪ್ರಾಣ ತಿಂದಳು. ಧೂಳಿಗೆ ಏಸಿ ಬಂದ್. ಬಾಗಿಲು ಕಿಟಕಿ ಎಲ್ಲ ತೆರೆದಿದ್ದೆವು. ಸದ್ದು ತಡೆಯಲಾಗದೆ ಜಗಳಕ್ಕೆ ಬಂದ ಪಕ್ಕದ ಮನೆಯ ತಮಿಳು ಆಂಟಿ ಅಮ್ಮನ ಜೊತೆ ಕಾಫಿ ಕುಡಿದು, ಒಂದು ಬಟ್ಟಲು ಉಪ್ಪಿನಕಾಯಿ ಕೊಟ್ಟು ಹೋದರು.

ಗೋಡೆ ಅರ್ಧ ಹೋಗಿದ್ದಾಗ ತಂಗಿಯ ಫೋನ್ ಬಂತು. "ಅಕ್ಕ, ಅಮ್ಮನ್ನ ಯಾವಾಗ ಕಳಿಸ್ತೀಯ? ಎದುರು ಮನೆಯೋಳು ದಿನಾ ಕೇಳ್ತಾಳೆ."

ಕೇಳುತ್ತಿರುವುದು ಎದುರು ಮನೆಯವಳಲ್ಲ ಎಂದು ನನಗೆ ತಿಳಿಯದೇ? ಆ ದನಿಯೊಳಗಿನ ಉರಿ ನನಗೆ ಚೆನ್ನಾಗಿ ಪರಿಚಯ. ತಣ್ಣಗೆ, "ಅಮ್ಮ ಮಲ್ಗಿದಾಳೆ ಕಣೇ, ಎದ್ಮೇಲೆ ಕೇಳ್ತೀನಿ" ಎಂದೆ.

ಒಡೆದ ಗೋಡೆಯ ಆಚೆಯಿಂದ ಅಮ್ಮನ ದನಿ ಬಂತು. "ಎಲ್ಲೇ ಮಲ್ಗಿದೀನಿ? ಸುಳ್ಳು ಹೇಳ್ತಾಳೆ ನೋಡು! ಅವಳನ್ನೇ ಇಲ್ಲಿಗೆ ಬರಕ್ಕೆ ಹೇಳು. ಕೆಲಸ ಮುಗಿಯೋವರ್ಗೂ ನಾನೆಲ್ಲೂ ಬರಲ್ಲ."

ಫೋನಿನಲ್ಲಿ ತಂಗಿ ಬಿದ್ದು ಬಿದ್ದು ನಕ್ಕಳು. ನಾನು ಹೊರಗೆ ಹೋಗಿ ಮೇಸ್ತ್ರಿಗೆ ನಾಳೆ ರಜ ಕೊಟ್ಟೆ.