ಗಂಡಭೇರುಂಡದ ಮೀಸೆ

ಮೈಸೂರು ಮಹಾರಾಜರ ದಸರಾ ಮೆರವಣಿಗೆಯಲ್ಲಿ ನನಗೆ ಸಿಕ್ಕಿದ್ದು ಆನೆಯ ಹಿಂಗಾಲು. ಕಾಪುವಿನ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದ ಮೆರವಣಿಗೆ ಅದು. ಕಪ್ಪು ಬಟ್ಟೆಯೊಳಗೆ ಬಗ್ಗಿಕೊಂಡು, ಮುಂಗಾಲಿನ ಹುಡುಗನ ಸೊಂಟ ಹಿಡಿದು ನಡೆಯಬೇಕು. ಆ ಹುಡುಗನ ಮನೆಯಲ್ಲಿ ವರ್ಷವಿಡೀ ಹುರುಳಿ ಸಾರು, ಅದರ ಗಾಳಿ ಹಿಂದೆ ಬಗ್ಗಿದವನ ಮೂಗಿಗೆ. ನಮ್ಮೂರು ಇನ್ನಂಜೆಯಲ್ಲಿ ನನ್ನಷ್ಟು ಮಾತು ಬಲ್ಲವನು ಇನ್ನೊಬ್ಬನಿಲ್ಲ. ಅಂಥವನನ್ನು ಆ ಕತ್ತಲೆಗೆ ತಳ್ಳಿದರೆ ನಷ್ಟ ನನಗಲ್ಲ, ಕರ್ನಾಟಕಕ್ಕೆ.

ಖಾಲಿ ಉಳಿದಿದ್ದ ಒಳ್ಳೆಯ ಪಾತ್ರ ಒಂದೇ: ರಾಜಧ್ವಜ ಹಿಡಿಯುವವನು. ಜರಿ ಪೇಟ, ಎಲ್ಲರಿಗಿಂತ ಮುಂದೆ ನಡಿಗೆ, ಸಾಲದ್ದಕ್ಕೆ ಧ್ವಜದ ಅರ್ಥ ಹೇಳುವ ಭಾಷಣ. ಆದರೆ ಶಾಲೆಯಲ್ಲಿ ಧ್ವಜವೇ ಇರಲಿಲ್ಲ.

"ಟೀಚರ್, ಧ್ವಜ ನಾನು ತರ್ತೇನೆ. ಭಾಷಣವೂ ನಂದೇ," ಎಂದೆ.

ಧಾರವಾಡದ ಕಡೆಯಿಂದ ಬಂದ ನಮ್ಮ ಸಮಾಜ ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ಶುಕ್ರವಾರ ಧ್ವಜಾನೂ ಬರಬೇಕು, ಅದರ ಅರ್ಥಾನೂ ಬರಬೇಕು. ಇಲ್ಲಂದ್ರ ಹಿಂಗಾಲು ನಿಂದ ನೋಡು."

ಉಡುಪಿಯ ಬನ್ನಂಜೆಯಲ್ಲಿ ಬೋರ್ಡು ಬರೆಯುವ ನನ್ನ ಮಾಮ ಅಷ್ಟಮಿಗೆ ಹುಲಿವೇಷದವರ ಮೈಗೆ ಬಣ್ಣ ಹಾಕುವುದರಲ್ಲಿ ನಿಸ್ಸೀಮ. ಕೆಂಪು ಬಟ್ಟೆ ಕೊಟ್ಟು, ಮೊಬೈಲಿನಲ್ಲಿ ಗಂಡಭೇರುಂಡ ತೋರಿಸಿ ಬಂದೆ. ಮರುದಿನ ಹೋಗಿ ನೋಡಿದರೆ ತಲೆ ಎರಡೂ ಸರಿ ಇದ್ದವು, ರೆಕ್ಕೆಯೂ ಇತ್ತು. ಮೈತುಂಬ ಕಪ್ಪು ಪಟ್ಟೆ. ಎರಡು ಕೊಕ್ಕಿನ ಮೇಲೂ ಬಿಳಿ ಮೀಸೆ.

"ಮಾಮ, ಇದೆಂತ? ಹಕ್ಕಿಗೆ ಮೀಸೆ ಉಂಟಾ?"

"ಕೈ ತನ್ನಷ್ಟಕ್ಕೇ ಹೋಯ್ತು ಮಾರಾಯ. ಅರಸರ ಹಕ್ಕಿ ಅಲ್ವಾ, ಮೀಸೆ ಇರ್ಲಿ."

ಬಣ್ಣ ಇನ್ನೂ ಒಣಗಿರಲಿಲ್ಲ. ಬಸ್ಸಿನಲ್ಲಿ ಅದನ್ನು ಬಿಡಿಸಿ ಹಿಡಿದುಕೊಂಡೇ ನಿಂತೆ. ಉದ್ಯಾವರದಲ್ಲಿ ಹತ್ತಿದ ಅಜ್ಜರೊಬ್ಬರು ಬಹಳ ಹೊತ್ತು ಪರೀಕ್ಷಿಸಿದರು.

"ಇದು ಯಾವ ಪಾರ್ಟಿದು ಮಗಾ?"

"ಪಾರ್ಟಿದಲ್ಲ ಅಜ್ಜ, ಮೈಸೂರು ಅರಸರದ್ದು."

"ಪಾರ್ಟಿಗೇ ಲಾಯ್ಕ ಇತ್ತು. ಎರಡು ತಲೆ ಉಂಟಲ್ಲ, ಗೆದ್ದವರ ಕಡೆ ತಿರುಗ್ಲಿಕ್ಕೆ ಸುಲಭ."

ಶುಕ್ರವಾರ ತರಗತಿಯೆದುರು ಧ್ವಜ ಬಿಚ್ಚಿದೆ. ಯಾರೋ ಹುಲಿವೇಷದ ಡೋಲು ಬಾಯಲ್ಲೇ ಬಾರಿಸಿದರು. ಟೀಚರ್ ನಗಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಇದು ಬರೀ ಹಕ್ಕಿ ಅಲ್ಲ ಟೀಚರ್, ಗಂಡಭೇರುಂಡ. ವಿಜಯನಗರದ ನಾಣ್ಯದಲ್ಲೂ ಉಂಟು, ಕೊಕ್ಕಿನಲ್ಲಿ ಆನೆ, ಉಗುರಿನಲ್ಲೂ ಆನೆ. ಅಷ್ಟು ಬಲ ಅದಕ್ಕೆ. ಮೈಸೂರಿನವರು ಸುಮ್ಮನೆ ಧ್ವಜಕ್ಕೆ ಹಾಕಿದ್ದಲ್ಲ."

"ಪಟ್ಟಿ ಯಾಕೋ ಹಂಗಾದ್ರ?"

"ಆನೆ ತಿಂದು ತಿಂದು ಬೋರಾಯ್ತು ಟೀಚರ್. ಉಡುಪಿಗೆ ಬಂದು ಹುಲಿ ತಿಂತು. ಜೀರ್ಣ ಆಗ್ಲಿಲ್ಲ."

ಈಗ ಟೀಚರ್ ಮೇಜು ಹಿಡಿದುಕೊಂಡು ನಕ್ಕರು. ಪೇಟ ನನ್ನ ತಲೆಗೆ ಬಂದೇಬಿಟ್ಟಿತು ಎಂದುಕೊಂಡೆ.

"ಭಾಳ ಶಾಣ್ಯಾ ಇದ್ದಿ," ಎಂದರು ಕಣ್ಣೊರೆಸಿಕೊಂಡು. "ಆದ್ರ ಆನಿ ಎತ್ತೋ ಹಕ್ಕಿ ಅಂದಿ. ಅಂದ ಮ್ಯಾಲ ಅದರ ಕೆಳಗ ಆನಿ ಬೇಕಲ್ಲ? ಧ್ವಜ ಆನಿ ಬೆನ್ನಿನ ಮ್ಯಾಲಿಂದ ಹಾರಲಿ."

ಬಟ್ಟೆಯ ಆನೆಯ ಮೇಲೆ ಯಾರೂ ಕೂರುವಂತಿಲ್ಲ. ಬೆನ್ನಿಗೆ ತೂತು ಮಾಡಿ ಕೋಲನ್ನು ಒಳಗಿನಿಂದಲೇ ಹಿಡಿಯಬೇಕು. ಮುಂಗಾಲಿನವನ ಕೈ ಸೊಂಡಿಲಿಗೆ ಬೇಕು. ಉಳಿದದ್ದು ಯಾರ ಕೈ ಎಂದು ಇಡೀ ತರಗತಿಗೆ ನನಗಿಂತ ಮೊದಲೇ ಹೊಳೆಯಿತು.

"ಧ್ವಜ ನಿಂದು, ಭಾಷಣ ನಿಂದು," ಎಂದರು ಟೀಚರ್. "ನಾ ಮಾತಿಗೆ ತಪ್ಪೂದಿಲ್ಲ."

"ಪೇಟ, ಟೀಚರ್?"

"ಹಾಕ್ಕೋಳಪ್ಪಾ. ಒಳಗ."

ವಾರ್ಷಿಕೋತ್ಸವದ ದಿನ ಜರಿ ಪೇಟ ಸುತ್ತಿಕೊಂಡು, ಬಗ್ಗಿಕೊಂಡು, ಕೋಲು ಎತ್ತಿ ಹಿಡಿದುಕೊಂಡು ಕತ್ತಲಲ್ಲಿ ನಡೆದೆ. ಮೈದಾನದ ನಡುವೆ ಆನೆ ನಿಂತಿತು. ನಾನು ಭಾಷಣ ಶುರುಮಾಡಿದೆ.

"ಅಮ್ಮಾ, ಆನೆ ಹಿಂದಿನಿಂದ ಮಾತಾಡ್ತದೆ!" ಎಂದು ಎದುರು ಸಾಲಿನಲ್ಲಿ ಯಾವುದೋ ಮಗು ಕೂಗಿತು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ನಾನು ಇನ್ನೂ ಹಕ್ಕಿಯ ಮೊದಲನೆಯ ತಲೆಯ ಅರ್ಥದಲ್ಲೇ ಇದ್ದೆ. ಸ್ವರ ಏರಿಸಿ ಎರಡನೆಯದಕ್ಕೆ ಬಂದೆ.