ತಾಕತ್ತಿನ ಪುಡಿ

ಅಬ್ಬಿಗೇರಿಯಿಂದ ಗಜೇಂದ್ರಗಡದ ಕಡೆ ಹೊರಟರೆ, ಊರು ಮುಗಿದು ಎರೆಹೊಲ ಶುರುವಾಗುವಲ್ಲಿ ಒಂದು ಉದ್ದನೆಯ ತಗಡಿನ ಶೆಡ್ಡು ಇದೆ. ಎರಡೂ ಬದಿಗೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ತಂತಿ ಜಾಳಿಗೆ, ಜಾಳಿಗೆಗೆ ಗೊಬ್ಬರದ ಚೀಲ ಹೊಲಿದು ಮಾಡಿದ ಪರದೆ. ಗಾಳಿ ಎದ್ದಾಗ ಪರದೆಗಳೆಲ್ಲ ಒಟ್ಟಿಗೆ ಉಬ್ಬಿ, ಶೆಡ್ಡು ಉಸಿರೆಳೆದುಕೊಂಡಂತೆ ಕಾಣುತ್ತದೆ. ಅದು ಮಾಸುಮಬಿಯ ಶೆಡ್ಡು. ಗಂಡ ದಾದಾಪೀರನ ಹೆಸರು ಹೇಳಿದರೆ ಊರಲ್ಲಿ ಯಾವ ದಾದಾಪೀರ ಎಂದು ಕೇಳುತ್ತಾರೆ. ಮಾಸುಮಬಿ ಎಂದರೆ ಸುಮ್ಮನೆ ಕೈ ಮಾಡಿ ದಾರಿ ತೋರಿಸುತ್ತಾರೆ.

ಆಕೆ ಹುಟ್ಟಿದ್ದು ಚಿಕ್ಕನರಗುಂದದಲ್ಲಿ. ಅಲ್ಲಿ ತವರಿನ ಅಂಗಳದ ತುಂಬ ಜವಾರಿ ಕೋಳಿ. ಹಬ್ಬ ಬಂತೆಂದರೆ ತಾಯಿ ಕೊಯ್ಯಬೇಕಾದ ಕೋಳಿಯನ್ನು ಮೊದಲೇ ಹಿಡಿದು ಬುಟ್ಟಿಯಡಿ ಮುಚ್ಚಿಡುತ್ತಿದ್ದಳು. ತಿಪ್ಪೆ ಕೆದರಿ ಕಂಡದ್ದನ್ನೆಲ್ಲ ತಿಂದ ಕೋಳಿ, ಮೂರು ದಿನ ಬರೀ ಜೋಳ ತಿಂದು ಶುದ್ಧ ನೀರು ಕುಡಿದ ಮೇಲೆಯೇ ಕೊಯ್ಯಲು ಯೋಗ್ಯ. ಬುಟ್ಟಿ ಎತ್ತುವ ಮೊದಲು ನೆಂಟರು ಎಷ್ಟೇ ದೊಡ್ಡವರು ಬಂದರೂ ಅವರಿಗೆ ಬೇಳೆಸಾರೇ ಗತಿ. ಹಿಂದೂಗಳ ಮನೆಯಲ್ಲೂ ಎಷ್ಟೋ ಮಂದಿ ಹೀಗೇ ಮಾಡುತ್ತಿದ್ದರು. ಅದಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕೈದರ ಸುಮಾರಿಗೆ ನಮ್ಮ ಕಡೆ ಕಂಪನಿಯ ಕೋಳಿ ಬಂದವು. ಮರಿ ಕಂಪನಿಯದು, ಮೇವು ಕಂಪನಿಯದು, ಔಷಧವೂ ಕಂಪನಿಯದು. ಜಾಗ, ನೀರು, ನಿದ್ದೆಗೆಟ್ಟ ಕಣ್ಣು ಸಾಕುವವರದು. ಬೆಳೆದ ಮೇಲೆ ಲಾರಿ ಬಂದು ತುಂಬಿಕೊಂಡು ಹೋಗುತ್ತಿತ್ತು. ಮಾಸುಮಬಿ ಗಂಡನ ಜೊತೆ ತಾನೂ ಕಲ್ಲು ಹೊತ್ತು ಶೆಡ್ಡು ಕಟ್ಟಿದಳು. ಹಳದಿ ಮರಿಗಳ ಮೊದಲ ಪೆಟ್ಟಿಗೆ ತೆರೆದ ದಿನ ಆಕೆ ಬಾಗಿಲಲ್ಲೇ ಕುಳಿತುಬಿಟ್ಟಿದ್ದಳಂತೆ, ಇಷ್ಟು ಜೀವಕ್ಕೆ ನಾನು ಹೇಗೆ ತಾಯಿಯಾಗಲಿ ಎಂದು.

ಕಂಪನಿಯ ಪರವಾಗಿ ಶೆಡ್ಡು ನೋಡಲು ಬರುತ್ತಿದ್ದವನು ಅಮೋಘಸಿದ್ದ, ಇಂಡಿ ಕಡೆಯವನು, ಸಂಭಾವಿತ. ಬರುವಾಗ ಮೋಟಾರ್‌ಸೈಕಲ್ಲಿನ ಚೀಲದಲ್ಲಿ ಹಳದಿ ಪುಡಿಯ ಪೊಟ್ಟಣ ತರುತ್ತಿದ್ದ.

"ಇದೇನಪಾ?" ಎಂದು ಮಾಸುಮಬಿ ಕೇಳಿದ್ದಳು.

"ಟಾನಿಕ್ ಇದ್ದಂಗ ಚಾಚಿ. ನೀರಾಗ ಕಲಿಸಿ ಇಡ್ರಿ. ಜಡ್ಡ ಬರೂದಿಲ್ಲ, ಲಗೂ ಬೆಳಿತಾವು. ಕೋಳಿಗೆ ತಾಕತ್ತ ಬರತೈತಿ."

ಅಂದಿನಿಂದ ಅದಕ್ಕೆ ತಾಕತ್ತಿನ ಪುಡಿ ಎಂದೇ ಹೆಸರಾಯಿತು. ಹೆಸರು ಬಿದ್ದ ಮೇಲೆ ಅದು ಶೆಡ್ಡಿನೊಳಗೇ ಉಳಿಯಲಿಲ್ಲ. ಪಕ್ಕದ ಹೊಲದ ಹೊಳೆವ್ವ ಒಂದು ದಿನ ಮಾಸುಮಬಿಯ ಕಟ್ಟೆಗೆ ಬಂದು ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದಳು.

"ನಿನ್ನ ಕೋಳಿಗೆ ಬರೂ ತಾಕತ್ತ ನನ್ನ ಮೊಣಕಾಲಿಗೆ ಬರಬಾರದೇನ ಮಾಸುಮಿ?"

"ಬಂದರ ಬರಲೇಳ. ಆದ್ರ ನಾಳೆ ಕೂಗಾಕ ಹತ್ತಿದರ ನನ್ನ ಅನಬ್ಯಾಡ."

ಹೊಳೆವ್ವ ಚಿಟಿಕೆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದಳು. ಜ್ವರ ಬಂದಾಗ, ಹೊಟ್ಟೆ ಕೆಟ್ಟಾಗ, ಕಳೆ ತೆಗೆದು ದಣಿದಾಗ ಮಾಸುಮಬಿಯೂ ಕುಡಿದಳು. ಕೋಳಿಗೆ ಒಳ್ಳೆಯದು ಕೋಳಿ ತಿನ್ನುವವರಿಗೆ ಕೆಟ್ಟದ್ದು ಹೇಗಾದೀತು? ಅದು ಆಂಟಿಬಯೋಟಿಕ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೊಟ್ಟಣದ ಮೇಲಿದ್ದ ಇಂಗ್ಲಿಷಿನ ಸಣ್ಣ ಅಕ್ಷರ ಓದುವ ಕಣ್ಣು ಆ ಕಟ್ಟೆಯ ಮೇಲೆ ಯಾರದೂ ಇರಲಿಲ್ಲ.

ಎರಡು ವರ್ಷದ ನಂತರ ಒಂದು ಬೇಸಿಗೆಯಲ್ಲಿ, ಜಾಳಿಗೆ ಬಿಗಿಯುವಾಗ ತಂತಿ ಮಾಸುಮಬಿಯ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಅರಿಷಿಣ ಮೆತ್ತಿ ಕೆಲಸಕ್ಕೆ ಹೋದಳು. ಕೈ ಬಾತಿತು. ಗಜೇಂದ್ರಗಡದ ದವಾಖಾನೆಯಲ್ಲಿ ಡಾಕ್ಟರಬಾಯಿ ಕೊಟ್ಟ ಗುಳಿಗೆ ನಾಟಲಿಲ್ಲ. ಸೂಜಿಮದ್ದೂ ನಾಟಲಿಲ್ಲ. ರೊಟ್ಟಿ ಬಡಿಯುವ ಕೈ ಮೊಣಕೈವರೆಗೆ ಕೆಂಪಾಯಿತು, ಮನೆಯಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಡಾಕ್ಟರಬಾಯಿ ಕೀವನ್ನು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವರು ಕೇಳಿದ್ದು ಒಂದೇ ಮಾತು.

"ಇದಕ್ಕ ಮೊದಲ ಭಾಳ ಔಷಧ ತಗೊಂಡೀರೇನು?"

"ಇಲ್ರಿ ಬಾಯಾರ. ದವಾಖಾನಿ ಮೆಟ್ಟಲಾನೂ ಹತ್ತಿಲ್ಲ. ತಾಕತ್ತಿನ ಪುಡಿ ಅಷ್ಟ ಕುಡದೀನಿ."

ದಾದಾಪೀರ ಸಂಜೆಯೊಳಗೆ ಪೊಟ್ಟಣ ತಂದ. ಡಾಕ್ಟರಬಾಯಿ ಅದನ್ನು ಬೆಳಕಿಗೆ ಹಿಡಿದು ಓದಿದರು, ಒಮ್ಮೆ ನಕ್ಕಂತೆ ಮಾಡಿದರು. ಅದು ನಗುವಾಗಿರಲಿಲ್ಲ.

"ನಾ ನಿಮಗ ಕೊಟ್ಟ ಗುಳಿಗಿ ಇದರ ತಮ್ಮ ಇದ್ದಂಗ. ಒಂದ ಕುಲದವು. ಜಡ್ಡಿಲ್ಲದಾಗ ದಿನಾ ಇಷ್ಟಿಷ್ಟ ಹಾಕಿದರ ಮೆತ್ತನ್ನ ಹುಳ ಸಾಯತಾವು, ಗಟ್ಟಿ ಹುಳ ಉಳದು ಬೆಳಿತಾವು. ಅವು ಕೋಳಿ ಮೈಯಾಗಿಂದ ನಿಮ್ಮ ಕೈಗೆ ಬಂದಿರಬಹುದು, ಇಲ್ಲಾ ನೀವು ಕುಡದದ್ದರಿಂದ ನಿಮ್ಮ ಮೈಯಾಗ ಹುಟ್ಟಿರಬಹುದು. ಇದ ಅಂತ ಹೇಳಾಕ ನನಗೂ ಆಗೂದಿಲ್ಲ. ಆದ್ರ ತಾಕತ್ತ ನಿಮಗ ಬರಲಿಲ್ಲ ತಾಯಿ. ಹುಳಕ್ಕ ಬಂತು."

ಬೇರೆ ಸೂಜಿಗಳನ್ನು ತರಿಸಿದರು. ಕೈ ಉಳಿಯಿತು. ಹೆಬ್ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ, ಈಗಲೂ ಆಕೆಯ ರೊಟ್ಟಿಯ ಒಂದು ಅಂಚು ತುಸು ದಪ್ಪ.

ಮನೆಗೆ ಬಂದ ಮಾಸುಮಬಿ ಉಳಿದ ಪುಡಿಯ ಪೊಟ್ಟಣಗಳನ್ನು ಅಮೋಘಸಿದ್ದನ ಕೈಗೆ ವಾಪಸು ಕೊಟ್ಟಳು. ಅವನು ಗಾಬರಿಯಾದ.

"ಕಂಪನಿ ಪದ್ಧತಿ ಐತಿ ಚಾಚಿ. ಎಲ್ಲಾ ಶೆಡ್ಡಿನಾಗೂ ಹಾಕ್ತಾರ."

"ಜಡ್ಡಿಗೆ ಔಷಧ ಬ್ಯಾಡ ಅಂದಿಲ್ಲಪಾ ನಾ. ಜಡ್ಡಿಲ್ಲದಕ್ಕ ಬ್ಯಾಡ ಅಂದೀನಿ."

ಪುಡಿಯಿಲ್ಲದ ಮೊದಲ ಬ್ಯಾಚು ಸುಖದಲ್ಲಿ ಬೆಳೆಯಲಿಲ್ಲ. ಆಕೆ ಹಾಸಿದ ಹೊಟ್ಟು ಒದ್ದೆಯಾಗದಂತೆ ದಿನವೂ ಕೆದರಿದಳು, ನೀರಿನ ಪಾತ್ರೆಗಳನ್ನು ತಿಕ್ಕಿ ತೊಳೆದಳು, ಒಳಹೋಗುವವರು ಕಾಲು ಅದ್ದಲು ಸುಣ್ಣದ ತಟ್ಟೆ ಇಟ್ಟಳು. ಆದರೂ ಆ ವರ್ಷ ಹಿಂಗಾರಿ ಮಳೆಯ ತಂಡಿಗೆ ಶೆಡ್ಡಿನ ಒಂದು ತುದಿಯ ಕೋಳಿಗಳು ಸೀನತೊಡಗಿದವು. ಕೆಲವು ಸತ್ತವು. ಕಂಪನಿಯ ಪಶುವೈದ್ಯರು ಬಂದು, ಸತ್ತ ಕೋಳಿ ಕೊಯ್ದು ನೋಡಿ, ನಿಜವಾದ ಔಷಧ ಬರೆದುಕೊಟ್ಟರು. ಮಾಸುಮಬಿ ಒಂದು ಹೊತ್ತೂ ತಪ್ಪಿಸದೆ ಹಾಕಿದಳು. ಹೊರಡುವ ವೈದ್ಯರನ್ನು ತಡೆದು ಕೇಳಿದಳು.

"ಸಾಹೇಬ್ರ, ತಿಪ್ಪಿ ತಿಂದ ಕೋಳಿಗೆ ನಮ್ಮವ್ವ ಮೂರು ದಿನ ಬುಟ್ಟಿ ಹಾಕ್ತಿದ್ಲು. ಔಷಧ ಕುಡದ ಕೋಳಿಗೆ ಎಷ್ಟ ದಿನ ಹಾಕಬೇಕ್ರಿ?"

ವೈದ್ಯರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ಈ ಔಷಧಕ್ಕ ಒಂದ ವಾರ ಬೇಕವ್ವಾ. ಅದರೊಳಗ ಕೊಯ್ದರ ಮಾಂಸದಾಗ ಉಳದಿರತೈತಿ."

ಔಷಧ ನಿಲ್ಲಿಸಿದ ಮರುದಿನ ಬೆಳಿಗ್ಗೆಯೇ ಲಾರಿ ಬಂದು ನಿಂತಿತು. ರಮಜಾನ್ ಉಪವಾಸ ಮುಗಿಯುತ್ತ ಬಂದು ಹಬ್ಬ ಹತ್ತಿರವಿತ್ತು, ಗಜೇಂದ್ರಗಡ, ರೋಣ, ನರಗುಂದ ಎಲ್ಲೆಡೆ ಕೋಳಿಗೆ ಬೇಡಿಕೆ ಏರಿತ್ತು. ಅಮೋಘಸಿದ್ದ ಲಾರಿಯಿಂದ ಇಳಿದ.

"ಪರದಿ ಎತ್ತರಿ ಚಾಚಿ, ತುಂಬೂಣು."

"ನಿನ್ನಿತನಾ ಔಷಧ ಕುಡದಾವು. ವಾರ ಆಗಲಿ, ಬಾ."

"ಹಬ್ಬ ಮುಗದ ಮ್ಯಾಲ ಬಂದು ಏನ್ ಮಾಡ್ಲಿ? ಕೋಳಿ ನಿಮ್ಮವಲ್ಲ ಚಾಚಿ, ಕಂಪನಿವು."

"ಹೌದಪಾ, ಕೋಳಿ ಕಂಪನಿವು. ಬಾಗಲಾ ನಂದು."

ಆಕೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ.

"ಏನ್ ಬೂಬು, ಕೋಳಿಗೂ ರೋಜಾ ಹಿಡಿಸೀರೇನು?"

"ಹಿಡಿಸೀನಪಾ. ಬಿಡೂ ಹೊತ್ತು ಇನ್ನೂ ಆಗಿಲ್ಲ."

ನೆರೆದಿದ್ದ ನಾಲ್ಕು ಜನ ನಕ್ಕರು. ದಾದಾಪೀರ ನಗಲಿಲ್ಲ. ಅವನು ಹೆಂಡತಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ, "ಕೊಟ್ಟ ಬಿಡ. ಮುಂದ ಮರಿ ಬರದಿದ್ದರ ಈ ಶೆಡ್ಡಿನಾಗ ಏನು, ಗಾಳಿ ಸಾಕೂಣೇನು? ತಿನ್ನೋರು ತಿಂತಾರ, ನಾವೇನು ತಿನ್ನೂದಿಲ್ಲ."

"ತಿನ್ನೋರು ಯಾರು? ಗಜೇಂದ್ರಗಡದಾಗ ನಜೀರಸಾಬನ ಕೋಳಿ ಅಂಗಡಿ ಮುಂದ ಹಬ್ಬದ ಚಾಂದ್ ಕಾಣೂದರಾಗ ಹೋಗಿ ನಿಂದರಾಕಿ ನಿಮ್ಮ ಅಕ್ಕ. ಮೊದಲನೇ ಕೋಳಿ ಆಕಿದ."

ಗಲಾಟೆ ಕೇಳಿ ಹೊಳೆವ್ವ ಕೋಲೂರಿಕೊಂಡು ಬಂದಳು. ಏನೂ ಕೇಳದೆ ಮಾಸುಮಬಿಯ ಪಕ್ಕ ನೆಲಕ್ಕೆ ಕುಳಿತಳು. "ನಾನೂ ಆ ಪುಡಿ ಕುಡದಾಕಿನ," ಎಂದಳು ಅಮೋಘಸಿದ್ದನ ಕಡೆ ನೋಡಿ. "ನನ್ನೂ ಹಿಡಕೊಂಡ ಹೋಗಿ ತೂಕಾ ಹಾಕಸ್ತಿಯೇನು?"

ಅವನ ಮುಖ ಸಣ್ಣದಾಯಿತು. ಮೊಬೈಲಿನಲ್ಲಿ ಮ್ಯಾನೇಜರಿಗೆ ಹೇಳಿದ, ಸ್ವಲ್ಪ ಹೊತ್ತು ಕೇಳಿಸಿಕೊಂಡ, ಆಮೇಲೆ ಫೋನನ್ನು ಆಕೆಯ ಕಡೆ ಚಾಚಿದ. ಆ ಕಡೆಯ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು.

"ಮುಂದಿನ ಸಲ ಮರಿ ಬೇಕೋ ಬ್ಯಾಡೋ?"

ಮಾಸುಮಬಿ ತಿರುಗಿ ಶೆಡ್ಡನ್ನು ನೋಡಿದಳು. ಪರದೆಯ ಸಂದಿಯಿಂದ ಬಿಳಿ ಕೋಳಿಗಳ ಗದ್ದಲ ಕೇಳುತ್ತಿತ್ತು. ಈ ಪ್ರಶ್ನೆ ಬರುತ್ತದೆ ಎಂದು ಆಕೆಗೆ ಬೆಳಗಿನಿಂದಲೇ ಗೊತ್ತಿತ್ತು.

"ಬೇಕ್ರಿ," ಎಂದಳು. "ಆದ್ರ ಇವತ್ತ ಕೋಳಿ ಕೊಡೂದಿಲ್ಲ."

ಲಾರಿ ಖಾಲಿ ಹೋಯಿತು. ಕಂಪನಿ ಮೇವು ಕಳಿಸುವುದನ್ನು ನಿಲ್ಲಿಸಿತು. ಮಾಸುಮಬಿ ಮನೆಗೆಂದು ಇಟ್ಟುಕೊಂಡಿದ್ದ ಗೋವಿನಜೋಳವನ್ನು ಗಿರಣಿಯಲ್ಲಿ ಒಡೆಸಿ ಹಾಕಿದಳು. ಹಬ್ಬದ ದಿನ ಅವಳ ಮನೆಯಲ್ಲಿ ಸುರಕುಂಬಾ ಪಾಯಸದ ಜೊತೆ ಬರೀ ಬದನೆಕಾಯಿ. ವಾರ ಕಳೆದ ಮೇಲೆ ತಾನೇ ಫೋನ್ ಮಾಡಿಸಿ ಲಾರಿ ಕರೆಸಿದಳು, ತಾನೇ ಮುಂದೆ ನಿಂತು ಒಂದೊಂದು ಕೋಳಿಯನ್ನೂ ಹಿಡಿದುಕೊಟ್ಟಳು. ಹಬ್ಬ ಮುಗಿದು ದರ ಬಿದ್ದಿತ್ತು.

ಆಮೇಲೆ ಮರಿ ಬರಲಿಲ್ಲ. ಚಳಿಗಾಲವೆಲ್ಲ ಶೆಡ್ಡು ಖಾಲಿ ನಿಂತಿತು. ಪರದೆ ಬಡಿದುಕೊಳ್ಳುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಊರಲ್ಲಿ ಕೆಲವರು ಸೊಕ್ಕು ಎಂದರು. ಉಳಿದ ಶೆಡ್ಡಿನವರು ಎದುರಿಗೆ ಏನೂ ಅನ್ನಲಿಲ್ಲ, ಆದರೆ ಅವರಲ್ಲಿ ಯಾರೂ ಪುಡಿ ಬಿಡಲಿಲ್ಲ. ಬಿಟ್ಟರೆಂದು ಬರೆದರೆ ಓದಲು ಚೆನ್ನ, ಆದರೆ ಅದು ಸುಳ್ಳು.

ಒಂದು ಮಧ್ಯಾಹ್ನ ಅಮೋಘಸಿದ್ದ ಬಂದ. ಪುಡಿಯ ಚೀಲ ತಂದಿರಲಿಲ್ಲ. ಚಹಾ ಕುಡಿದ, ಲೋಟ ತಿರುಗಿಸುತ್ತ ಕುಳಿತ.

"ಮ್ಯಾನೇಜರ್ ಸಾಹೇಬ್ರಿಗೆ ನಾ ಹೇಳೀನಿ ಚಾಚಿ. ಒಂದ ಮಾಫಿ ಕೇಳಿಬಿಡ್ರಿ, ಮರಿ ಕೊಡತಾರಂತ. ನನ್ನ ನೌಕರೀನೂ ಉಳಿತೈತಿ."

"ಯಾರು ಯಾರಿಗೆ ಕೇಳಬೇಕಪಾ?"

"ನೀವು. ಕಂಪನಿಗೆ."

ಮಾಸುಮಬಿ ಹೆಬ್ಬೆರಳು ಮಡಚದ ಕೈಯಲ್ಲೇ ಚಹಾದ ಪಾತ್ರೆ ಎತ್ತಿ ಅವನ ಲೋಟದ ಕಡೆ ಚಾಚಿದಳು. ಸಿಟ್ಟಾಗಲಿಲ್ಲ.

"ನಿನ್ನ ಮ್ಯಾಲ ಸಿಟ್ಟಿಲ್ಲ ತಮ್ಮಾ. ಇನ್ನೊಂದ ಅರ್ಧ ಕಪ್ ಚಹಾ ಕುಡಿ. ಆದ್ರ ಆ ಮಾತು ಸಾಹೇಬ್ರಿಗೆ ತಿರುಗಿ ಹೇಳು, ಅವರು ಬಂದು ಕೇಳಲಿ. ನಾ ಮಾಫ್ ಮಾಡ್ತೀನಿ."

ಅವನು ನಕ್ಕುಬಿಟ್ಟ. ಅದರ ನಂತರ ಆ ಕಂಪನಿ ಅವಳ ಕಡೆ ಬರಲಿಲ್ಲ. ಯುಗಾದಿಯ ಹೊತ್ತಿಗೆ ಗಂಡ ಹೆಂಡತಿ ತಾವೇ ಮರಿ ತಂದರು, ಶೆಡ್ಡಿನ ಒಂದು ಮೂಲೆಗೆ ಸಾಲುವಷ್ಟು. ಮೊದಲ ಸಲ ಬಹಳ ಸತ್ತವು. ಎರಡನೇ ಸಲ ಕಡಿಮೆ. ಆಕೆ ಈಗಲೂ ಜಡ್ಡು ಬಿದ್ದರೆ ಔಷಧ ಹಾಕುತ್ತಾಳೆ, ಹಾಕಿದ್ದನ್ನು ಮುಚ್ಚಿಡುವುದಿಲ್ಲ, ವಾರ ತುಂಬದೆ ಕೋಳಿ ಕೊಡುವುದಿಲ್ಲ.

ಮೊನ್ನೆ ನಜೀರಸಾಬ ತನ್ನ ಅಂಗಡಿಗೆ ಕೋಳಿ ಒಯ್ಯಲು ಗಾಡಿ ತಂದು ರಸ್ತೆಯಲ್ಲೇ ನಿಲ್ಲಿಸಿದ್ದ. ಸಂತೆಯ ಹಿಂದಿನ ದಿನ, ಅವಸರ.

"ಯಾವಾಗ ಕೊಡ್ತೀ ಮಾಸುಮಬಿ?"

ಆಕೆ ಪರದೆ ಕಟ್ಟುತ್ತಿದ್ದಳು. ಕತ್ತು ತಿರುಗಿಸಲೂ ಇಲ್ಲ.

"ನಾ ಅಂದಾಗ."